ಬಟ್ಟಲಿನ ಮೇಲೆ ಕೈ

ನಮ್ಮ ಲ್ಯಾಬಿನ ಫ್ರಿಜ್ಜಿನ ಬಾಗಿಲಿಗೆ ನಾನು ಒಂದು ಹಾಳೆ ಅಂಟಿಸಿದ್ದೆ. ಚೀನಾದವರ ಜೊತೆ ಊಟಕ್ಕೆ ಕೂತಾಗ ಹೇಗೆ ನಡೆದುಕೊಳ್ಳಬೇಕು ಎನ್ನುವ ಪಟ್ಟಿ ಅದು. ಹನ್ನೊಂದು ಸಾಲು, ನಾನೇ ಟೈಪು ಮಾಡಿದ್ದು. ಚಾಪ್‌ಸ್ಟಿಕ್ ಕಡ್ಡಿಗಳನ್ನು ಅನ್ನದ ಬಟ್ಟಲಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು, ಅದು ಸತ್ತವರ ಮುಂದೆ ಊದಿನಕಡ್ಡಿ ಹಚ್ಚಿಟ್ಟ ಹಾಗೆ. ಕಡ್ಡಿಯಿಂದ ಬಟ್ಟಲು ಬಡಿಯಬಾರದು, ಅದು ಭಿಕ್ಷೆ ಬೇಡುವವರ ರೀತಿ. ಹಿರಿಯರು ಕಡ್ಡಿ ಎತ್ತುವವರೆಗೆ ನಾವು ಎತ್ತಬಾರದು. ಮೀನಿನ ಒಂದು ಮಗ್ಗಲು ಮುಗಿದ ಮೇಲೆ ಅದನ್ನು ಮಗುಚಬಾರದು, ದೋಣಿ ಮಗುಚಿದಂತಾಗುತ್ತದೆ. ಲೋಟಕ್ಕೆ ಲೋಟ ತಾಗಿಸುವಾಗ ನಮ್ಮ ಲೋಟದ ಅಂಚು ಹಿರಿಯರ ಲೋಟದ ಅಂಚಿಗಿಂತ ಕೆಳಗಿರಬೇಕು. ಚಹಾ ಸುರಿದವರಿಗೆ ಎರಡು ಬೆರಳಿನಿಂದ ಮೇಜು ಮೆಲ್ಲಗೆ ತಟ್ಟಿದರೆ ಸಾಕು, ಥ್ಯಾಂಕ್ಸ್ ಹೇಳಿದ ಹಾಗೆ. ಹೀಗೆ ಇನ್ನೂ ಐದು.

ಅದನ್ನು ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ. ಒಮಾನಿನ ಬರ್ಕಾದ ಹತ್ತಿರ, ಸಮುದ್ರದ ನೀರನ್ನು ಸಿಹಿನೀರು ಮಾಡುವ ಸ್ಥಾವರವೊಂದರಲ್ಲಿ ನಾನು ಕೆಮಿಸ್ಟ್. ಹೊಸ ಘಟಕ ಕೂಡಿಸಲು ಚೀನಾದ ಕಂಪನಿಯೊಂದರ ಜನ ಬಂದು ಏಳು ತಿಂಗಳಾಗಿತ್ತು. ಕೆಲಸ ಮುಗಿಯಿತು, ಹೊರಡುವ ಮುಂಚೆ ನಮ್ಮ ಕ್ಯಾಂಪಿನಲ್ಲಿ ಒಂದು ಊಟ ಹಾಕುತ್ತೇವೆ, ಬನ್ನಿ ಎಂದು ಕರೆದಿದ್ದರು. ಕರೆದ ದಿನದಿಂದ ನಾನು ಓದಲು ಶುರು ಮಾಡಿದೆ. ಹೊಸ ಜನರ ನಡುವೆ ಊಟಕ್ಕೆ ಕೂರುವುದೆಂದರೆ ನನಗೆ ಇವತ್ತಿಗೂ ಪರೀಕ್ಷೆ. ಧಾರವಾಡದ ಹಾಸ್ಟೆಲಿಗೆ ಬಂದ ಮೊದಲ ವಾರದಲ್ಲಿ ನಾನು ಸಾರನ್ನು ಸುರಿದುಕೊಂಡು ಉಣ್ಣುವ ಸದ್ದಿಗೆ ಎದುರಿನ ಸಾಲಿನವರು ಮುಖ ಮುಖ ನೋಡಿಕೊಂಡಿದ್ದರು. ಆಮೇಲೆ ಯಾರಿಗೂ ಆ ಅವಕಾಶ ಕೊಟ್ಟಿಲ್ಲ. ಎಲ್ಲಿ ಹೋದರೂ ಮೊದಲೇ ಕಲಿತು ಹೋಗುತ್ತೇನೆ.

ಲ್ಯಾಬಿನಲ್ಲಿ ನನ್ನ ಜೊತೆಗಿದ್ದ ಮಂಗಳೂರು ಕಡೆಯ ಸಹೋದ್ಯೋಗಿ ಆ ಪಟ್ಟಿಯನ್ನು ಚಹಾ ಲೋಟ ಹಿಡಿದುಕೊಂಡು ಪೂರ್ತಿ ಓದಿದರು. "ಇದು ಪರೀಕ್ಷೆಗೆ ಬರ್ತದಾ ಮೇಡಂ? ಎಷ್ಟು ಮಾರ್ಕಿಗೆ?" ಎಂದು ಕೇಳಿದರು. ಮೀನಿನ ಸಾಲಿಗೆ ಬಂದಾಗ, ನಿಮ್ಮ ಗದಗ ಕಡೆ ಮೀನು ಅಂದರೆ ಗಾಜಿನ ಪೆಟ್ಟಿಗೆಯಲ್ಲಿ ಈಜುವುದು ಮಾತ್ರ, ನೀವು ನಮಗೆ ಮೀನು ತಿನ್ನಲು ಕಲಿಸುವುದಾ ಎಂದು ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ, ನಾಳೆ ಇವರು ಅಲ್ಲಿ ಹೋಗಿ ಮಾನ ಕಳೆಯುತ್ತಾರೆ ಅನ್ನಿಸಿತ್ತು.

ಆ ಊಟದಲ್ಲಿ ಚೆನ್ನಾಗಿ ಕಾಣಿಸಿಕೊಳ್ಳಬೇಕೆಂಬ ನನ್ನ ಹಟಕ್ಕೆ ಒಬ್ಬರು ಕಾರಣರಿದ್ದರು. ಚೀನೀ ತಂಡದಲ್ಲಿ ನೀರಿನ ಪರೀಕ್ಷೆ ನೋಡಿಕೊಳ್ಳುತ್ತಿದ್ದ ಒಬ್ಬ ಹೆಂಗಸು, ಅರವತ್ತರ ಹತ್ತಿರದವರು. ಅವರ ಕಡೆಯ ಜನ ಅವರನ್ನು 'ಲಾವ್‌ಶಿ' ಎನ್ನುತ್ತಿದ್ದರು. ಕಲಿಸುವವರು ಎಂದು ಅರ್ಥವಂತೆ. ನಮ್ಮ ಕಡೆ ಕನ್ನಡ ಶಾಲೆಯ ಟೀಚರನ್ನು ಅಕ್ಕೋರು ಎನ್ನುತ್ತೇವೆ. ನಾನು ಮನಸ್ಸಿನಲ್ಲಿ ಅವರಿಗೆ ಇಟ್ಟುಕೊಂಡ ಹೆಸರು ಅದೇ. ಅವರಿಗೆ ಇಂಗ್ಲಿಷು ಹತ್ತಿಪ್ಪತ್ತು ಮಾತು ಬರುತ್ತಿತ್ತು. ಉಳಿದದ್ದಕ್ಕೆ ಮೊಬೈಲು. ಅವರು ಅದಕ್ಕೆ ಚೀನೀ ಭಾಷೆಯಲ್ಲಿ ಹೇಳುವುದು, ಅದು ನನಗೆ ಇಂಗ್ಲಿಷಿನಲ್ಲಿ ಹೇಳುವುದು.

ಅವರು ಬಂದ ಎರಡನೆಯ ತಿಂಗಳಲ್ಲಿ ಸಮುದ್ರಕ್ಕೆ ಕೆಂಪು ಬಂತು. ಒಮ್ಮೊಮ್ಮೆ ಇಲ್ಲಿಯ ಕಡಲಲ್ಲಿ ಪಾಚಿ ಏಳುತ್ತದೆ. ನೀರು ತುಕ್ಕು ಹಿಡಿದ ಕಬ್ಬಿಣದ ಬಣ್ಣಕ್ಕೆ ತಿರುಗುತ್ತದೆ, ದಂಡೆಯಲ್ಲಿ ಮೀನು ಸತ್ತು ಬೀಳುತ್ತವೆ, ನಮ್ಮ ಫಿಲ್ಟರುಗಳು ಗಂಟೆಗೊಮ್ಮೆ ಕಟ್ಟಿಕೊಳ್ಳುತ್ತವೆ. ನಾನು ಯಂತ್ರದ ಅಂಕಿ ಬರುವವರೆಗೆ ಕಾಯುತ್ತಿದ್ದೆ. ಅವರು ಕಾಯುತ್ತಿರಲಿಲ್ಲ. ಸೋಸಿದ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವರು, ಮೂಸುವರು, ಬೆರಳಲ್ಲಿ ಉಜ್ಜುವರು, ಆಮೇಲೆ ಪಂಪು ನಿಲ್ಲಿಸಬೇಕೋ ಬೇಡವೋ ಹೇಳುವರು. ಅಂಕಿ ಬಂದಾಗ ಅವರು ಹೇಳಿದ್ದೇ ಆಗಿರುತ್ತಿತ್ತು. ಮೊದಮೊದಲು ನನಗೆ ಸಿಟ್ಟು. ನಾನು ಎಂ.ಎಸ್ಸಿ., ಮೊದಲ ದರ್ಜೆ. ಅವರು ಹದಿನೇಳು ವರ್ಷಕ್ಕೆ ಕಾರ್ಖಾನೆ ಸೇರಿದವರು, ಕೈಯಿಂದ ಕಲಿತವರು. ಆದರೆ ಹತ್ತು ದಿನ ಅವರ ಪಕ್ಕದಲ್ಲಿ ನಿಂತ ಮೇಲೆ ನಾನೂ ಕಾಗದ ಮೂಸಲು ಕಲಿತೆ. ಹನ್ನೊಂದನೆಯ ದಿನ ಪಂಪು ನಿಲ್ಲಿಸಿ ಎಂದು ನಾನು ಮೊದಲು ಹೇಳಿದೆ. ಅವರು ಸುಮ್ಮನೆ ಹಿಂದೆ ನಿಂತಿದ್ದರು. ವರದಿಯಲ್ಲಿ ನನ್ನ ಹೆಸರು ಬರೆಸಿದರು.

ಒಂದು ದಿನ ಮೊಬೈಲಿನಲ್ಲಿ ನನ್ನ ಮನೆಯವರ ಬಗ್ಗೆ ಕೇಳಿದರು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು, ಅವ್ವನಿಗೆ ಓದು ಬರೆಹ ಬರುವುದಿಲ್ಲ ಎಂದೆ. ಅವರು ಮೊಬೈಲು ಪಕ್ಕಕ್ಕಿಟ್ಟು, ತಮ್ಮ ಹೆಬ್ಬೆಟ್ಟನ್ನು ಮೇಜಿಗೆ ಒತ್ತಿ ತೋರಿಸಿ, "ಮೈ ಮದರ್" ಎಂದರು. ಅದಕ್ಕೆ ಅನುವಾದ ಬೇಕಾಗಲಿಲ್ಲ. ನಿನ್ನ ತಾಯಿ ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿದರು. ಕಲ್ಯಾಣ ಮಂಟಪದಲ್ಲಿ ಅಡುಗೆ ಮಾಡುತ್ತಿದ್ದರು ಎಂದೆ.

ಅದು ಸುಳ್ಳು. ಒಮಾನಿಗೆ ಬಂದ ಒಂಬತ್ತು ವರ್ಷದಲ್ಲಿ ಎಲ್ಲರಿಗೂ ಅದನ್ನೇ ಹೇಳಿದ್ದೇನೆ. ಅವ್ವ ಅಡುಗೆ ಮಾಡುತ್ತಿರಲಿಲ್ಲ. ಉಂಡ ಎಲೆ ಎತ್ತುತ್ತಿದ್ದಳು, ನೆಲ ಬಳಿಯುತ್ತಿದ್ದಳು, ಹಿತ್ತಲಲ್ಲಿ ಕೂತು ಬೋಗುಣಿ ತಿಕ್ಕುತ್ತಿದ್ದಳು.

ಮದುವೆ ಇದ್ದ ದಿನ ಬೋಗುಣಿಯ ತಳದಲ್ಲಿ ಉಳಿದ ಅನ್ನ, ಬೂಂದಿ, ಬದನೆಕಾಯಿ ಪಲ್ಯ ಮನೆಗೆ ಬರುತ್ತಿತ್ತು. ಯಾರ ಬಾಯಿಯೂ ತಾಗಿದ್ದಲ್ಲ, ಬಡಿಸಿ ಉಳಿದದ್ದು. ನಾನು ಐದನೆಯ ಇಯತ್ತೆಯಲ್ಲಿದ್ದಾಗ ಕಾಗದದಲ್ಲಿ ಬೂಂದಿ ಕಟ್ಟಿಕೊಂಡು ಹೋಗಿ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಗೆ ಕೊಟ್ಟೆ. ಅವಳು ಚಪ್ಪರಿಸಿ ತಿಂದಳು. ಹಿಂದಿನ ಸಾಲಿನಿಂದ ಯಾರೋ, ಅದು ಎಂಜಲೆಲಿ ಎತ್ತೋರ ಮನಿದು ಎಂದರು. ಗೆಳತಿ ಎದ್ದು ನಲ್ಲಿಗೆ ಹೋಗಿ ಬಾಯಿ ಮುಕ್ಕಳಿಸಿದಳು. ಮೂರು ಸಲ. ನಾನು ಎಣಿಸಿದೆ. ಆಮೇಲೆ ಬಂದು ಮತ್ತೆ ನನ್ನ ಪಕ್ಕದಲ್ಲೇ ಕೂತಳು, ಜಗಳ ಮಾಡಲಿಲ್ಲ. ಜಗಳ ಮಾಡಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಆವತ್ತಿನಿಂದ ಮನೆಗೆ ಬಂದ ಮದುವೆ ಅನ್ನವನ್ನು ನಾನು ಮುಟ್ಟಲಿಲ್ಲ. ಹಾಸ್ಟೆಲಿಗೆ ಬಂದ ಮೇಲೆ ಇನ್ನೂ ಗಟ್ಟಿಯಾದೆ. ನೀರಿನ ಬಾಟಲಿ ತುಟಿಗೆ ತಾಗಿಸುವುದಿಲ್ಲ, ಎತ್ತಿಯೇ ಕುಡಿಯುವುದು. ಇನ್ನೊಬ್ಬರ ಚಮಚ ಮುಟ್ಟುವುದಿಲ್ಲ. ಒಂದೇ ಡಬ್ಬಿಯಲ್ಲಿ ನಾಲ್ಕು ಕೈ ಇಟ್ಟರೆ ನನ್ನ ಕೈ ಹಿಂದೆ ಬರುತ್ತದೆ. ಎಷ್ಟು ಚೊಕ್ಕಟ ಹುಡುಗಿ, ಎಂಥ ಮನೆತನದವಳೋ ಎಂದು ಜೊತೆಯವರು ಹೇಳುವುದು ಕಿವಿಗೆ ಬಿದ್ದಾಗ ಹಿಗ್ಗುತ್ತಿದ್ದೆ. ಡಿಗ್ರಿಯ ಜೊತೆಗೆ ಇದನ್ನೂ ನಾನು ಗಳಿಸಿದ್ದು ಎಂದುಕೊಂಡಿದ್ದೆ.

ಊಟದ ದಿನ ಮಂಗಳೂರಿನ ಸಹೋದ್ಯೋಗಿಯ ಕಾರಿನಲ್ಲಿ ಕ್ಯಾಂಪಿಗೆ ಹೋದೆವು. ಹೊತ್ತು ಇನ್ನೂ ಮುಳುಗಿರಲಿಲ್ಲ. ಪೋರ್ಟಾ ಕ್ಯಾಬಿನ್ನುಗಳ ನಡುವೆ ಒಂದು ದೊಡ್ಡ ಕೋಣೆ, ನಡುವೆ ದುಂಡು ಮೇಜು, ಅದರ ಮೇಲೆ ತಿರುಗುವ ಗಾಜು. ಬಾಗಿಲಿಗೆ ಎದುರಾದ ಕುರ್ಚಿ ಗೌರವದ್ದು ಎಂದು ಓದಿದ್ದೆ. ಅಕ್ಕೋರು ನನ್ನ ತೋಳು ಹಿಡಿದು ಅದರಲ್ಲೇ ಕೂರಿಸಿದರು, ತಾವು ನನ್ನ ಪಕ್ಕಕ್ಕೆ ಕೂತರು. ಅವರ ಸೈಟ್ ಮ್ಯಾನೇಜರ್, ಇಂಗ್ಲಿಷು ಚೆನ್ನಾಗಿ ಬಲ್ಲವರು, ಎದುರಿಗೆ. ಒಟ್ಟು ಹತ್ತು ಜನ.

ನಾನು ಒಂದು ತಪ್ಪೂ ಮಾಡಲಿಲ್ಲ. ಚಹಾ ಸುರಿದಾಗ ಎರಡು ಬೆರಳು ತಟ್ಟಿದೆ. ಮ್ಯಾನೇಜರ್ ಹುಬ್ಬೇರಿಸಿದರು. ಲೋಟ ತಾಗಿಸುವಾಗ ನನ್ನದನ್ನು ಎಷ್ಟು ಕೆಳಗಿಳಿಸಿದೆ ಎಂದರೆ ಅಕ್ಕೋರು ತಮ್ಮದನ್ನು ಅದಕ್ಕಿಂತ ಕೆಳಗಿಳಿಸಲು ಹೋಗಿ ಇಬ್ಬರ ಲೋಟವೂ ಮೇಜು ಮುಟ್ಟಿ, ಎಲ್ಲರೂ ನಕ್ಕರು. ಅದೇ ಹೊತ್ತಿಗೆ ನನ್ನ ಸಹೋದ್ಯೋಗಿ ಮೊಬೈಲು ತೆಗೆಯಲೆಂದು ತಮ್ಮ ಕಡ್ಡಿಗಳನ್ನು ಅನ್ನದ ಬಟ್ಟಲಲ್ಲಿ ನೆಟ್ಟಗೆ ಚುಚ್ಚಿಬಿಟ್ಟರು. ನನ್ನ ಪಟ್ಟಿಯ ಮೊದಲನೆಯ ಸಾಲು. ನಾನು ಕಣ್ಣು ಮುಚ್ಚಿಕೊಂಡೆ. ಪಕ್ಕದವರು ಓ ಎಂದು ನಕ್ಕು, ಕಡ್ಡಿ ಕಿತ್ತು ಮಲಗಿಸಿ, ಅವರ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಅಷ್ಟೇ. ಮುಗಿಯಿತು.

ಆಮೇಲೆ ಹಮೂರ್ ಮೀನು ಬಂತು. ಇಡೀ ಮೀನು, ಶುಂಠಿ ಮತ್ತು ಈರುಳ್ಳಿ ಹೂವಿನ ದಂಟು ಹಾಕಿ ಹಬೆಯಲ್ಲಿ ಬೇಯಿಸಿದ್ದು. ಗಾಜನ್ನು ತಿರುಗಿಸಿ ಅದರ ತಲೆ ನನ್ನ ಕಡೆ ಬರುವಂತೆ ನಿಲ್ಲಿಸಿದರು. ತಲೆ ಯಾರ ಕಡೆಗೋ ಅವರೇ ಮುಖ್ಯ ಅತಿಥಿ, ಅದು ನನಗೆ ಗೊತ್ತಿತ್ತು. ಎದೆ ತುಂಬಿತು. ನನಗೂ ಒಂದು ಮೇಜಿನಲ್ಲಿ ಹೀಗೆ ಆಗಬಹುದು ಎಂದು ಅವ್ವ ಬೋಗುಣಿ ತಿಕ್ಕುವಾಗ ಯಾರು ಎಣಿಸಿದ್ದರು.

ಪ್ರತಿ ತಟ್ಟೆಯ ಪಕ್ಕದಲ್ಲೂ ಬಡಿಸುವ ಕಡ್ಡಿಗಳು ಬೇರೆ ಇದ್ದವು, ಕಪ್ಪು, ಉದ್ದನೆಯವು. ಎಲ್ಲರಿಗೂ ಅದರಿಂದಲೇ ಬಡಿಸುತ್ತಿದ್ದರು. ಅಕ್ಕೋರು ಮಾತ್ರ ಅದನ್ನು ಮುಟ್ಟಲಿಲ್ಲ. ಆಗಷ್ಟೇ ತಾವು ತಿನ್ನುತ್ತಿದ್ದ ಸ್ವಂತ ಕಡ್ಡಿಗಳ ತುದಿಯನ್ನು ಒಮ್ಮೆ ತುಟಿಯಲ್ಲಿ ಚೊಕ್ಕ ಮಾಡಿಕೊಂಡು, ಮೀನಿನ ಕೆನ್ನೆಯ ಸಣ್ಣ ಬಿಳಿ ತುಂಡನ್ನು ಬಿಡಿಸಿ, ಕೆಳಗೆ ಇನ್ನೊಂದು ಕೈ ಹಿಡಿದು, ನನ್ನ ಬಟ್ಟಲಿನ ಕಡೆ ತಂದರು.

ನನ್ನ ಕೈ ಹೋಗಿ ಬಟ್ಟಲಿನ ಮೇಲೆ ಕೂತಿತು.

ನಾನು ಯೋಚಿಸಿ ಮಾಡಿದ್ದಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ, ಯೋಚಿಸಲಿಲ್ಲ. ಆದರೆ ಕೈ ತೆಗೆಯಲೂ ಇಲ್ಲ. ಮೀನಿನ ತುಂಡು ಬಟ್ಟಲು ಮುಚ್ಚಿದ ನನ್ನ ಕೈಯ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತಿತ್ತು, ಅದರಿಂದ ಒಂದು ಹನಿ ರಸ ನನ್ನ ಬೆರಳಿನ ಮೇಲೆ ಬಿತ್ತು. ನಾನು ಆ ಬೆರಳನ್ನು ಟಿಶ್ಯೂನಲ್ಲಿ ಒರೆಸಿಕೊಂಡೆ. ಅದನ್ನೂ ಮಾಡಿದೆ. ಕಪ್ಪು ಕಡ್ಡಿಗಳ ಕಡೆ ಬೆರಳು ತೋರಿಸಿ, ಅದರಿಂದ ಹಾಕಿ ಎಂಬಂತೆ ಸನ್ನೆ ಮಾಡಿದೆ.

ಅಕ್ಕೋರು ತುಂಡನ್ನು ತಮ್ಮ ಬಟ್ಟಲಿಗೆ ಹಾಕಿಕೊಂಡರು. ಏನೋ ಹೇಳಿದರು, ಮೆಲ್ಲಗೆ. ಮ್ಯಾನೇಜರ್ ನನಗೆ ಇಂಗ್ಲಿಷಿನಲ್ಲಿ ತಿಳಿಸಿದರು. ಬಡಿಸುವ ಕಡ್ಡಿ ಅತಿಥಿಗಳಿಗಂತೆ. ಮನೆಯಲ್ಲಿ ಮಗಳಿಗೆ ತಾನು ಹೀಗೇ ಹಾಕುವುದಂತೆ, ಅಭ್ಯಾಸ ಬಲದಿಂದ ಕೈ ಹೋಯಿತಂತೆ, ಕ್ಷಮಿಸಬೇಕಂತೆ. ಆಮೇಲೆ ಅವರು ಕಪ್ಪು ಕಡ್ಡಿ ತೆಗೆದುಕೊಂಡು ಮೀನಿನ ಬೆನ್ನಿನ ಭಾಗ ನನಗೆ ಬಡಿಸಿದರು, ಉಳಿದವರಿಗೆ ಬಡಿಸಿದಷ್ಟೇ ಅಚ್ಚುಕಟ್ಟಾಗಿ. ಊಟ ಮುಗಿಯುವವರೆಗೂ ಹಾಗೇ ಬಡಿಸಿದರು.

ವಾಪಸು ಬರುವಾಗ ಕಾರಿನಲ್ಲಿ, ಹೈವೇ ಬಂದ ಮೇಲೆ ಸಹೋದ್ಯೋಗಿ ಹೇಳಿದರು, "ನಾನು ಕಡ್ಡಿ ಕುತ್ತಿದ್ದಕ್ಕೆ ಅವರು ನಗಾಡಿದ್ರು. ನಿಮ್ಮದಕ್ಕೆ ಯಾರೂ ನಗಾಡ್ಲಿಲ್ಲ ಮಾರಾಯ್ರೆ."

ಮರುದಿನ ಲ್ಯಾಬಿನಲ್ಲಿ ಅಕ್ಕೋರು ನನಗಿಂತ ಮೊದಲೇ ಬಂದು ಕೂತಿದ್ದರು. ಮೊಬೈಲನ್ನು ನನ್ನ ಕಡೆ ತಿರುಗಿಸಿ ಇಟ್ಟರು. ನಾನು ರಾತ್ರಿ ಓದಿದೆ, ಎಂದು ಅದರಲ್ಲಿತ್ತು. ನಿಮ್ಮ ದೇಶದಲ್ಲಿ ಬಾಯಿಗೆ ತಾಗಿದ್ದನ್ನು ಇನ್ನೊಬ್ಬರಿಗೆ ಕೊಟ್ಟರೆ ಅದು ಹೊಲಸು. ನನಗೆ ಗೊತ್ತಿರಲಿಲ್ಲ. ಎಲ್ಲರ ಎದುರಿಗೆ ನಿಮಗೆ ಅವಮಾನ ಮಾಡಿದೆ. ನಾನು ಕ್ಷಮೆ ಕೇಳುತ್ತೇನೆ.

ಆಗ ನಾನು ಹೇಳಬೇಕಾದ ಮಾತು ಒಂದೇ ಇತ್ತು. ತಪ್ಪು ನನ್ನದು. ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದರೂ ಅವರಿಗೆ ತಿಳಿಯುತ್ತಿತ್ತು. ನಾನು "ಇಟ್ಸ್ ಓಕೆ" ಎಂದೆ.

ಇಟ್ಸ್ ಓಕೆ. ನಾನು ಅವರನ್ನು ಕ್ಷಮಿಸಿದೆ. ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ಯಾಕೆ ಹಾಗೆಂದೆ? ತಪ್ಪು ನನ್ನದು ಎಂದರೆ, ಯಾಕೆ ಕೈ ಮುಚ್ಚಿದೆ ಎಂದು ಹೇಳಬೇಕಾಗುತ್ತಿತ್ತು. ಹೇಳಲು ಹೋದರೆ ಬೂಂದಿಯಿಂದ ಶುರು ಮಾಡಬೇಕು, ಎಲೆ ಎತ್ತುವ ಅವ್ವನನ್ನು ಹೇಳಬೇಕು, ಅಡುಗೆ ಮಾಡುವ ಅವ್ವ ಸುಳ್ಳು ಎನ್ನಬೇಕು. ನಮ್ಮ ದೇಶದ ಪದ್ಧತಿ ಎಂದುಕೊಳ್ಳಲಿ, ಅದೇ ವಾಸಿ ಅನ್ನಿಸಿತು. ದೇಶದ ಬೆನ್ನ ಹಿಂದೆ ಅಡಗಿ ಕೂತೆ.

ಅವತ್ತಿನಿಂದ ಅಕ್ಕೋರು ನನಗೆ ಸ್ಯಾಂಪಲ್ ಬಾಟಲಿ ಕೊಡುವಾಗಲೂ ಕೈಗವಸು ಬದಲಿಸಿ ಕೊಡತೊಡಗಿದರು. ಮುಂಚೆ ಭುಜ ತಟ್ಟುತ್ತಿದ್ದರು, ಅದು ನಿಂತಿತು. ಸಿಟ್ಟಿಲ್ಲ, ಮುನಿಸಿಲ್ಲ, ನಗು ಹಾಗೇ ಇತ್ತು. ಬರೀ ಮರ್ಯಾದೆ. ಅವರು ಹೊರಡಲು ಎಂಟು ದಿನ ಉಳಿದಿತ್ತು.

ಕ್ಷಮೆ ಕೇಳಿದ ದಿನವೇ ಸಂಜೆ ಅವ್ವನಿಗೆ ಫೋನು ಮಾಡಿದೆ. ಅವಳಿಗೆ ಈಗ ಮೊಣಕಾಲು ನೋವು, ಕಲ್ಯಾಣ ಮಂಟಪದ ಕೆಲಸ ಬಿಟ್ಟು ವರ್ಷಗಳಾದವು. ನಡೆದದ್ದನ್ನು ಅರ್ಧಕ್ಕರ್ಧ ಹೇಳಿದೆ. ಆ ಹೆಂಗಸು ತನ್ನ ಬಾಯಿಗಿಟ್ಟ ಕಡ್ಡಿಯಿಂದ ನನಗೆ ಹಾಕಲು ಬಂದಳು, ನಾನು ಒಲ್ಲೆ ಅಂದೆ, ಆಕಿಗೆ ಬೇಜಾರಾತು ಅಂತ. ಅವ್ವ ನನ್ನ ಪಕ್ಷ ವಹಿಸುತ್ತಾಳೆ ಎಂದುಕೊಂಡಿದ್ದೆ.

"ಹಿರ್ಯಾಕಿ ಅದಾಳ, ನಿನಗ ಅಕ್ಷರ ಕಲಿಸ್ಯಾಳ ಅಂತಿ," ಎಂದಳು ಅವ್ವ. "ಆಕಿ ಕೊಟ್ಟದ್ದ ಎಂಜಲ ಹೆಂಗ ಆಗತದ? ನಿನಗ ಹಲ್ಲ ಬರೂಕಿಂತ ಮೊದಲ ಶೇಂಗಾ ಬೆಲ್ಲ ನಾ ಅಗದ ನಿನ್ನ ಬಾಯಾಗ ಇಡತಿದ್ನಿ. ಆವಾಗ ಎಂಜಲ ಗೊತ್ತಿರಲಿಲ್ಲ. ಎಂ.ಎಸ್ಸಿ. ಆದಮ್ಯಾಲ ಗೊತ್ತಾತೇನು?"

ಆಮೇಲೆ ಅವಳೇ, "ಮನೀಗೆ ಕರಿ. ರೊಟ್ಟಿ ಮಾಡಿ ಹಾಕು. ಒಂದ ಗಂಗಾಳದಾಗ ಉಣ್ಣು, ಮುಗೀತು," ಎಂದು ಮೊಣಕಾಲಿನ ಮಾತಿಗೆ ಹೋದಳು.

ಶುಕ್ರವಾರ ಮಧ್ಯಾಹ್ನಕ್ಕೆ ಅಕ್ಕೋರನ್ನು ಅಲ್ ಗುಬ್ರಾದ ನಮ್ಮ ಫ್ಲ್ಯಾಟಿಗೆ ಕರೆದೆ. ಭಾನುವಾರ ಅವರ ವಿಮಾನ. ಮುಂಜಾನೆ ಎದ್ದು ಜೋಳದ ರೊಟ್ಟಿ ಬಡಿದೆ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿಪುಡಿ, ಮೊಸರು, ಗೋಧಿ ಹುಗ್ಗಿ ಮಾಡಿದೆ. ಹಿಂದಿನ ದಿನವೇ ರೂವಿಯ ಅಂಗಡಿಯೊಂದರಿಂದ ಒಂದು ಜೊತೆ ಕಡ್ಡಿ ತರಿಸಿ ಅವರ ತಟ್ಟೆಯ ಪಕ್ಕಕ್ಕೆ ಇಟ್ಟಿದ್ದೆ. ಬಡಿಸುವ ಚಮಚಗಳನ್ನೆಲ್ಲ ತೆಗೆದು ಅಡುಗೆಮನೆಯ ಕಪಾಟಿನಲ್ಲಿ ಬಚ್ಚಿಟ್ಟೆ. ನಾನು ಎಣಿಸಿದ್ದು ಇಷ್ಟೇ. ಚಮಚ ಇರುವುದಿಲ್ಲ, ಅವರು ತಮ್ಮ ಕಡ್ಡಿಯಿಂದಲೇ ಎತ್ತಬೇಕು. ಆಗ ನಾನು ನನ್ನ ತಟ್ಟೆ ಮುಂದೆ ಮಾಡುವುದು. ಅವರು ಹಾಕುವುದು. ನಾನು ಅವರ ಕಣ್ಣೆದುರು ತಿನ್ನುವುದು. ಆಮೇಲೆ ಮಾತು ತಾನಾಗಿಯೇ ಬರುತ್ತದೆ, ಅವ್ವನ ಮಾತು ಸಹಿತ.

ಮ್ಯಾನೇಜರ್ ಅಕ್ಕೋರನ್ನು ಕೆಳಗೆ ಬಿಟ್ಟು ಹೋದರು. ಅವರನ್ನು ಕಂಪನಿಯ ಸಮವಸ್ತ್ರದಲ್ಲಿ ಅಲ್ಲದೆ ನಾನು ಕಂಡಿದ್ದು ಅದೇ ಮೊದಲು. ಇಸ್ತ್ರಿ ಮಾಡಿದ ತಿಳಿನೀಲಿ ಕುಪ್ಪಸ. ಬಾಗಿಲಲ್ಲೇ ಚಪ್ಪಲಿ ಬಿಟ್ಟರು, ನನ್ನ ಗಂಡನಿಗೆ ಕೈ ಜೋಡಿಸಿದರು, ಕೈ ತೊಳೆಯುವ ಜಾಗ ಎಲ್ಲಿ ಎಂದು ಕೇಳಿದರು. ಕೂತ ಮೇಲೆ ಕೈಚೀಲದಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದು ತೊಡೆಯ ಮೇಲೆ ತೆರೆದು ನೋಡಿ ಒಳಗಿಟ್ಟರು. ಚೀನೀ ಅಕ್ಷರ ನನಗೆ ಬರುವುದಿಲ್ಲ. ಆದರೆ ಸಾಲುಗಳ ಮುಂದೆ ಒಂದು, ಎರಡು, ಮೂರು ಎಂದು ಅಂಕಿ ಹಾಕಿದ್ದು ಕಾಣಿಸಿತು. ನನ್ನ ಫ್ರಿಜ್ಜಿನ ಹಾಳೆಯ ಹಾಗೆಯೇ.

ಅವರು ಕಡ್ಡಿಗಳನ್ನು ನೋಡಿದರು, ನಕ್ಕು, ಪಕ್ಕಕ್ಕೆ ಸರಿಸಿಟ್ಟು ತಮ್ಮ ಬಲಗೈ ಎತ್ತಿ ತೋರಿಸಿದರು. ಕೈಯಲ್ಲೇ ತಿನ್ನುತ್ತಾರಂತೆ. ಎಡಗೈ ಮೇಜಿನ ಕೆಳಗೆ ಹೋಯಿತು, ಅಲ್ಲೇ ಉಳಿಯಿತು. ಒಂದೇ ಕೈಯಲ್ಲಿ ರೊಟ್ಟಿ ಮುರಿಯಲು ಬರದೆ, ಇಡೀ ರೊಟ್ಟಿಯನ್ನು ಎತ್ತಿ ಅಂಚಿನಿಂದ ಕಚ್ಚಿದರು. ಎರಡೂ ಕೈಯಿಂದ ಮುರಿಯಬಹುದು, ನಾವೂ ಮುರಿಯುತ್ತೇವೆ ಎಂದು ತೋರಿಸಿದೆ. ತಲೆಯಾಡಿಸಿದರು, ಎಡಗೈ ಮಾತ್ರ ತೆಗೆಯಲಿಲ್ಲ.

ಎಣ್ಣೆಗಾಯಿ ಇನ್ನೊಂದು ಬೇಕಾದಾಗ ಮೇಜಿನ ಮೇಲೆಲ್ಲ ಕಣ್ಣಾಡಿಸಿ, "ಸ್ಪೂನ್?" ಎಂದು ಕೇಳಿದರು. ನಾನು ಪರವಾಗಿಲ್ಲ, ಕೈಯಿಂದಲೇ ತೆಗೆದುಕೊಳ್ಳಿ ಎನ್ನುವಷ್ಟರಲ್ಲಿ ನನ್ನ ಗಂಡ, ಪಾಪ ಅವರಿಗೇನು ಗೊತ್ತು, "ಚಮಚಾ ಎಲ್ಲಿ ಇಟ್ಟೀಯೇ? ಮಂದಿ ಮುಂದ ಮಾನ ಕಳೀತಿ," ಎನ್ನುತ್ತ ಎದ್ದು ಹೋಗಿ ಕಪಾಟು ಹುಡುಕಿ ಮೂರು ಚಮಚ ತಂದು ಮೂರು ಪಾತ್ರೆಯಲ್ಲಿ ಇಟ್ಟರು.

ಆಮೇಲೆ ಅಕ್ಕೋರಿಗೆ ಖಾರ ಹತ್ತಿತು. ನೀರಿನ ಲೋಟ ಮುಂದಿತ್ತು. ಅವರು ಲೋಟವನ್ನು ಬಾಯಿಂದ ಒಂದು ಗೇಣು ಮೇಲೆ ಎತ್ತಿ, ತಲೆ ಹಿಂದಕ್ಕೆ ಬಾಗಿಸಿ, ಸುರಿದುಕೊಂಡರು. ನನ್ನನ್ನು ಏಳು ತಿಂಗಳು ನೋಡಿದ್ದರಲ್ಲ. ಆದರೆ ಎತ್ತಿ ಕುಡಿಯುವುದು ನೋಡಿ ಬರುವ ವಿದ್ಯೆಯಲ್ಲ. ನೀರು ಮೂಗಿಗೆ ಹೋಯಿತು, ಗದ್ದದಿಂದ ಇಳಿದು ಆ ಇಸ್ತ್ರಿ ಕುಪ್ಪಸದ ಕೊರಳಪಟ್ಟಿ ತೋಯಿಸಿತು. ಕೆಮ್ಮು ಬಂತು. ಕೆಮ್ಮುತ್ತಲೇ "ಸಾರಿ, ಸಾರಿ" ಎಂದರು. ಕೆಮ್ಮು ನಿಂತ ಮೇಲೆ ಮತ್ತೆ ಲೋಟ ಎತ್ತಿದರು, ಮತ್ತೆ ಹಾಗೇ.

ನನಗೆ ಕೂರಲಾಗಲಿಲ್ಲ. ಇನ್ನು ಮಾತಾಡಲಾಗದು, ಮಾಡಿಬಿಡಬೇಕು ಅನ್ನಿಸಿತು. ಅವ್ವ ಹೇಳಿದ್ದಳಲ್ಲ, ಒಂದೇ ಗಂಗಾಳ ಎಂದು. ಅವರ ತಟ್ಟೆಯಲ್ಲಿ ಅವರು ಕಚ್ಚಿ ಬಿಟ್ಟ ಅರ್ಧ ರೊಟ್ಟಿ ಇತ್ತು, ಹಲ್ಲಿನ ಗುರುತು ಸಹಿತ. ನಾನು ಕೈ ಚಾಚಿದೆ.

ಅಕ್ಕೋರು ನನ್ನ ಕೈ ಬರುವುದನ್ನು ನೋಡಿದರು. ಇಷ್ಟು ಹೊತ್ತು ಮೇಜಿನ ಕೆಳಗಿದ್ದ ಎಡಗೈ ಸರಕ್ಕನೆ ಮೇಲೆ ಬಂದು ರೊಟ್ಟಿಯ ಮೇಲೆ ಕೂತಿತು.

"ನೋ, ನೋ," ಎಂದರು. ಬಲಗೈ ಬೆರಳಿನಿಂದ ತಮ್ಮ ತುಟಿ ತೋರಿಸಿದರು. "ಮೈ ಮೌತ್."

ಮಗು ಬಿಸಿ ಪಾತ್ರೆ ಮುಟ್ಟಲು ಹೋದಾಗ ತಡೆಯುವವರ ಮುಖ ಹೇಗಿರುತ್ತದೋ ಹಾಗಿತ್ತು ಅವರ ಮುಖ. ನನ್ನನ್ನು ಕಾಪಾಡಿದ ಸಮಾಧಾನ ಇತ್ತು ಅದರಲ್ಲಿ. ತಮ್ಮ ಎಂಜಲಿನಿಂದ ನನ್ನನ್ನು ಕಾಪಾಡಿದ್ದರು.

ಆಗಲಾದರೂ ಹೇಳಬಹುದಿತ್ತು. ಮೊಬೈಲು ಅಲ್ಲೇ ಇತ್ತು. ಎಂ.ಎಸ್ಸಿ. ಮೌಖಿಕ ಪರೀಕ್ಷೆಯಲ್ಲಿ ನಾಲ್ಕು ಜನ ಪ್ರೊಫೆಸರರ ಮುಂದೆ ನಡುಗದೆ ಉತ್ತರ ಕೊಟ್ಟವಳು ನಾನು. ನಮ್ಮವ್ವ ಎಂಜಲೆಲೆ ಎತ್ತುತ್ತಿದ್ದಳು ಎನ್ನುವ ನಾಲ್ಕು ಮಾತಿಗೆ ನಾಲಿಗೆ ಏಳಲಿಲ್ಲ. ಗಂಡನೂ ಎದುರಿಗೆ ಕೂತಿದ್ದರು. ಮದುವೆ ಮಾತಾಡುವಾಗ ಅವರ ಮನೆಯವರಿಗೂ ಅಡುಗೆಯವಳು ಎಂದೇ ಹೇಳಿದ್ದೆವು. ನಾನು ಕೈ ಹಿಂದೆ ತೆಗೆದುಕೊಂಡೆ. ಹುಗ್ಗಿ ಬಡಿಸುತ್ತೇನೆ ಎಂದು ಎದ್ದೆ. ಚಮಚದಲ್ಲಿ ಬಡಿಸಿದೆ.

ಅವರು ಹೊರಟಾಗ ಬಾಗಿಲಲ್ಲಿ ನಿಂತು ಎರಡೂ ಕೈ ಜೋಡಿಸಿದರು. ಒಂದು ಹೆಜ್ಜೆ ದೂರ ನಿಂತಿದ್ದರು, ಅದು ಸಹ ನೋಟ್‌ಬುಕ್ಕಿನಲ್ಲಿ ಇತ್ತೇನೋ. ಮೊಬೈಲಿನಲ್ಲಿ, ನಿಮ್ಮ ಮನೆಯ ಊಟ ಬಹಳ ಚೆನ್ನಾಗಿತ್ತು, ನಿಮ್ಮ ತಾಯಿಯ ಕೈಯಡುಗೆ ನಿಮಗೆ ಬಂದಿದೆ ಎಂದು ಕೇಳಿಸಿದರು. ಲಿಫ್ಟು ಬಂತು. ಭಾನುವಾರ ಹೋದರು.

ಶುಕ್ರವಾರದ ಆ ಮಧ್ಯಾಹ್ನ ಲಿಫ್ಟು ಇಳಿದ ಮೇಲೆ ನಾನು ಮೇಜು ಎತ್ತಿದೆ. ಅವರ ತಟ್ಟೆಯಲ್ಲಿ ಆ ಅರ್ಧ ರೊಟ್ಟಿ ಹಾಗೇ ಇತ್ತು. ತಟ್ಟೆಯಲ್ಲಿ ಸ್ವಲ್ಪ ಬಿಡುವುದು ಅವರ ಕಡೆ ಹೊಟ್ಟೆ ತುಂಬಿತು ಎಂದು ಹೇಳುವ ರೀತಿ, ನನ್ನ ಪಟ್ಟಿಯ ಒಂಬತ್ತನೆಯ ಸಾಲು. ತಟ್ಟೆಯನ್ನು ಅಡುಗೆಮನೆಗೆ ಒಯ್ದು, ಸಿಂಕಿನ ಮುಂದೆ ನಿಂತು, ಆ ರೊಟ್ಟಿಯನ್ನು ಅವರು ಕಚ್ಚಿದ ಕಡೆಯಿಂದಲೇ ತಿಂದೆ. ಒಣಗಿತ್ತು, ಗಂಟಲಿಗೆ ಹತ್ತುತ್ತಿತ್ತು. ಪೂರ್ತಿ ತಿಂದೆ. ತಿನ್ನುವಾಗಲೇ ಗೊತ್ತಿತ್ತು, ಇದಕ್ಕೆ ಬೆಲೆ ಇಲ್ಲ ಎಂದು. ಅವರ ಎದುರಿಗೆ ತಿನ್ನಬೇಕಾಗಿದ್ದನ್ನು ಬೆನ್ನ ಹಿಂದೆ ತಿನ್ನುತ್ತಿದ್ದೆ, ಸದ್ದಾಗದ ಹಾಗೆ.

ನಲ್ಲಿ ಬಿಟ್ಟೆ. ಎಷ್ಟು ಹೊತ್ತಾಯಿತೋ. ಹೊರಗಿನಿಂದ ಗಂಡ, ಒಳಗ ಏನ ಮಾಡಲಿಕ್ಕತ್ತಿ ಎಂದು ಕೂಗಿ ಕೇಳಿದರು.

"ಏನಿಲ್ಲರಿ," ಎಂದೆ. "ಎಂಜಲ ತಟ್ಟಿ ತೊಳೀಲಿಕ್ಕತ್ತೀನಿ."